ಗಾಜಿನ ಮನೆಯಲ್ಲಿ ಬೇರೆಯಾದ ಜೋಡೆತ್ತು

ಲಾಲ್‌ಬಾಗಿನ ಗಾಜಿನ ಮನೆಗೆ ಎಷ್ಟು ಸಲ ಹೋಗಿಲ್ಲ ನಾವು! ಕಣ್ಣೆಲ್ಲ ಹೂವಿನ ಮೇಲೆ. ಆದರೆ ಮತಯಂತ್ರದಲ್ಲಿ ನಾವು ಒತ್ತುವ ‘ಕೈ’ ಮತ್ತು ‘ತೆನೆ’ಯ ದಾರಿ ಕವಲೊಡೆದದ್ದು ಇದೇ ಸೂರಿನಡಿ ಎಂದು ತಿಳಿದಾಗ, ಅಬ್ಬಾ, ಮೈ ಜುಮ್ಮೆಂದಿತು!

ಮೊದಲಿಂದ ಬನ್ನಿ. 1951ರಲ್ಲಿ ದೇಶದಲ್ಲಿ ಓದು ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಹಾಗಾಗಿ ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿತ್ರ! ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಜನಸಂಘಕ್ಕೆ ದೀಪ.

1969ರ ಜುಲೈ. ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರಪತಿ ಯಾರಾಗಬೇಕು, ಬ್ಯಾಂಕುಗಳು ಯಾರ ಕೈಲಿರಬೇಕು? ಜಗ್ಗಾಟ! ಅದೇ ತಿಂಗಳ 19ಕ್ಕೆ 14 ಬ್ಯಾಂಕುಗಳು ಸರ್ಕಾರದ ಪಾಲು. ವರ್ಷ ಮುಗಿಯುವಷ್ಟರಲ್ಲಿ ಪಕ್ಷ ಎರಡು ಹೋಳು. ಎತ್ತುಗಳು ಯಾರಿಗೆ? ಕೊನೆಗೆ ಯಾರಿಗೂ ಇಲ್ಲ! ಇಂದಿರಾ ಬಣಕ್ಕೆ ಹಸು-ಕರು, ನಿಜಲಿಂಗಪ್ಪನವರ ಬಣಕ್ಕೆ ಚರಕ ನೂಲುವ ಹೆಂಗಸು. 1978ರಲ್ಲಿ ಮತ್ತೊಂದು ಒಡಕು, ಹಸು-ಕರುವೂ ಹೋಯಿತು. ‘ಕೈ’ ಬಂತು, ಅದೇ ವರ್ಷ ಇಂದಿರಾ ಚಿಕ್ಕಮಗಳೂರಿನಲ್ಲಿ ಗೆದ್ದೂಬಿಟ್ಟರು.

ಚರಕದ ಹೆಂಗಸು ಎಲ್ಲಿ ಹೋದಳು? ಇಲ್ಲಿದೆ ನೋಡಿ ಸೋಜಿಗ! ಇಂದಿರಾ ಹೇರಿದ ತುರ್ತುಪರಿಸ್ಥಿತಿಯ ಏಟು ತಿಂದ ಹಲವರು 1977ರಲ್ಲಿ ಒಂದೇ ಮನೆ ಹೊಕ್ಕರು: ನಿಜಲಿಂಗಪ್ಪನವರ ಬಣ, ಸಮಾಜವಾದಿಗಳು, ಚರಣ್ ಸಿಂಗರ ಲೋಕದಳ, ಜೊತೆಗೆ ಜನಸಂಘದ ದೀಪ! ಆ ಮನೆಯೇ ಜನತಾ ಪಕ್ಷ. ‘ಇಲ್ಲಿದ್ದುಕೊಂಡೇ ಆರೆಸ್ಸೆಸ್‌ನಲ್ಲೂ ಇರಬಹುದೇ?’ ಎಂಬ ಪ್ರಶ್ನೆ ಬಂತು, ಮನೆ ಬಿರಿಯಿತು. 1980ರ ಏಪ್ರಿಲ್‌ನಲ್ಲಿ ಹೊರಬಿದ್ದ ಜನಸಂಘದವರ ಕೈಯಲ್ಲಿ ದೀಪವಿರಲಿಲ್ಲ, ಬಿಜೆಪಿಯ ಕಮಲವಿತ್ತು. ಉಳಿದವರ ಒಂದು ಸಾಲು 1988ರಲ್ಲಿ ಬೆಂಗಳೂರಿನಲ್ಲೇ ಜನತಾದಳವಾಯಿತು. 1999ರಲ್ಲಿ ಅದೂ ಒಡೆದು, ಒಮ್ಮೆ ನಿಜಲಿಂಗಪ್ಪನವರ ಬಣದಲ್ಲಿದ್ದ ದೇವೇಗೌಡರ ಜಾತ್ಯತೀತ ಜನತಾದಳ ಹುಟ್ಟಿತು. ಚಿಹ್ನೆ, ತೆನೆ ಹೊತ್ತ ಮಹಿಳೆ!

ಪಕ್ಷಗಳ ವ್ಯತ್ಯಾಸವನ್ನು ಪ್ರಣಾಳಿಕೆಯಲ್ಲಿ ಹುಡುಕುತ್ತಿದ್ದೆ ನಾನು. ಅದು ಈ ಜಗಳಗಳಲ್ಲಿತ್ತು! ಬ್ಯಾಂಕು ಯಾರದು, ತುರ್ತುಪರಿಸ್ಥಿತಿ ಸರಿಯೇ, ಸಂಘದ ನಂಟು ಇರಬೇಕೇ? ಒಂದೊಂದು ಪ್ರಶ್ನೆಗೂ ಒಂದೊಂದು ಬಾಗಿಲು ತೆರೆದಿದೆ. ಹೋದ ಬಾಗಿಲಲ್ಲೇ ಬಂದವರೂ ಉಂಟು: 2023ರಲ್ಲಿ ಕಮಲ ಮತ್ತು ತೆನೆ ಮೈತ್ರಿ ಮಾಡಿಕೊಂಡಾಗ ಊರೆಲ್ಲ ಬೆರಗಾಯಿತು. ನನಗೆ ಮಾತ್ರ 1977ರ ಆ ಮನೆ ನೆನಪಾಯಿತು.