ನಮ್ಮ ಕಾಲ ಕೆಳಗಿನ ಬಂಡೆ ನಡುಗುವುದೇಕೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ನಮ್ಮ ಸದಸ್ಯರು ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನುಗಳ ಮಾತು ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳುವುದುಂಟು. ನಮ್ಮ ಸೀಮೆಯಲ್ಲಿ ಭೂಕಂಪ ಆಗಬಹುದೇ? ಆಗಾಗ ಕೇಳಿಬರುವ ಭಾರಿ ಶಬ್ದ ಭೂಕಂಪದ್ದೇ? ಕನ್ನಂಬಾಡಿ ಕಟ್ಟೆಗೆ ಇದರಿಂದ ಅಪಾಯವಿದೆಯೇ? 2022ರ ಜೂನ್ ತಿಂಗಳಲ್ಲಿ ಕೊಡಗು ಮತ್ತು ಸುಳ್ಯದ ಕಡೆ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಆ ಭಾಗದ ಕಾಫಿ ಮತ್ತು ಅಡಿಕೆ ಬೆಳೆಗಾರರಿಗೂ ಇದೇ ಆತಂಕವಿತ್ತು. ತಿಳಿಯದ ವಿಷಯದಲ್ಲಿ ಭಯವೂ ಹೆಚ್ಚು, ಗಾಳಿಸುದ್ದಿಯೂ ಹೆಚ್ಚು. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಭೂಮಿಯ ಹೊರಚಿಪ್ಪು

ನಾವು ನಿಂತಿರುವ ನೆಲ ಒಂದೇ ಅಖಂಡ ಚಿಪ್ಪಲ್ಲ. ಭೂಮಿಯ ಹೊರಪದರವು ಏಳೆಂಟು ದೊಡ್ಡ ಮತ್ತು ಹಲವು ಸಣ್ಣ ಫಲಕಗಳಾಗಿ ಒಡೆದುಕೊಂಡಿದೆ. ಇವನ್ನು ಭೂಫಲಕಗಳೆನ್ನುತ್ತಾರೆ. ಒಂದೊಂದು ಫಲಕದ ದಪ್ಪ ಸಾಮಾನ್ಯವಾಗಿ ನೂರು ಕಿಲೋಮೀಟರಿನ ಆಸುಪಾಸು. ಅವುಗಳ ಕೆಳಗಿನ ಪದರ ಘನವಾಗಿಯೇ ಇದ್ದರೂ, ಅಲ್ಲಿನ ಕಾವಿನಿಂದಾಗಿ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಬಹು ನಿಧಾನವಾಗಿ ಹರಿಯಬಲ್ಲದು.

ನಮ್ಮ ಪಾಂಡವಪುರದ ಕಡೆಯ ಆಲೆಮನೆಯ ಕೊಪ್ಪರಿಗೆಯನ್ನು ನೆನಪಿಗೆ ತಂದುಕೊಳ್ಳಿ. ಬಿಸಿಯಾದ ಕಬ್ಬಿನ ಹಾಲು ಕೆಳಗಿನಿಂದ ಮೇಲೇಳುತ್ತದೆ, ಮೇಲೆ ತುಸು ಆರಿ ಪಕ್ಕಕ್ಕೆ ಸರಿದು ಕೆಳಗಿಳಿಯುತ್ತದೆ, ಮೇಲಿನ ನೊರೆ ಅದರೊಂದಿಗೆ ಅಂಚಿಗೆ ಸಾಗುತ್ತದೆ. ಭೂಮಿಯ ಒಡಲಿನಲ್ಲಿ ಇಂಥದೇ ಸುತ್ತಾಟ ನಡೆದಿದೆ. ಇದಲ್ಲದೆ, ಸಾಗರತಳದ ಹಳೆಯ ಫಲಕ ತಣ್ಣಗಾಗಿ ಭಾರವಾಗಿ ಒಳಕ್ಕೆ ಮುಳುಗುವಾಗ ತನ್ನ ಹಿಂದಿನ ಭಾಗವನ್ನೂ ಎಳೆದೊಯ್ಯುತ್ತದೆ. ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿಯೇ ಹೇಳಿದ್ದರು. ಆಗ ಹೆಚ್ಚಿನ ವಿದ್ವಾಂಸರು ನಂಬಲಿಲ್ಲ. 1960ರ ದಶಕದಲ್ಲಿ ಸಾಗರತಳದ ಶೋಧನೆಗಳಾದ ಮೇಲೆ ಈ ವಾದ ಗಟ್ಟಿಯಾಯಿತು.

ಭಾರತದ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಈಶಾನ್ಯಕ್ಕೆ ಸಾಗುತ್ತಿದೆ. ಇದು ನಮ್ಮ ಉಗುರು ಬೆಳೆಯುವ ವೇಗಕ್ಕಿಂತ ಬಹಳ ಹೆಚ್ಚೇನಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಈ ಫಲಕ ಏಷ್ಯಾ ಖಂಡಕ್ಕೆ ಬಡಿದು ಹಿಮಾಲಯವನ್ನು ಎಬ್ಬಿಸಿತು. ಆ ನೂಕಾಟ ಇಂದಿಗೂ ನಿಂತಿಲ್ಲ.

ಕಾಫಿ ಬೆಳೆಯುವ ನಾಡುಗಳೇ ಪಾಠ

ಫಲಕಗಳ ಅಂಚಿನಲ್ಲಿ ಮೂರು ಬಗೆಯ ವ್ಯವಹಾರ ನಡೆಯುತ್ತದೆ. ಒಂದಕ್ಕೊಂದು ಎದುರಾಗುವುದು, ಒಂದರಿಂದೊಂದು ದೂರ ಸರಿಯುವುದು, ಪಕ್ಕದಲ್ಲೇ ಉಜ್ಜಿಕೊಂಡು ಹೋಗುವುದು. ನಮ್ಮೊಡನೆ ಕಾಫಿ ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ದೇಶಗಳನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಜಾವಾ, ಸುಮಾತ್ರಾ, ಗ್ವಾಟೆಮಾಲಾ, ಕೊಲಂಬಿಯಾಗಳಲ್ಲಿ ಸಾಗರತಳದ ಫಲಕ ನೆಲದ ಫಲಕದಡಿ ನುಸುಳುತ್ತದೆ. ಒಳಗೆ ಹೋದ ಫಲಕದಿಂದ ಹೊರಟ ನೀರಿನಂಶವು ಮೇಲಿನ ಬಿಸಿಬಂಡೆಯ ಕರಗುವ ಮಟ್ಟವನ್ನು ತಗ್ಗಿಸುತ್ತದೆ. ಹೀಗೆ ಕರಗಿದ ಶಿಲಾಪಾಕ ಹಗುರಾಗಿ ಮೇಲೇರಿ ಹೊರಬಿದ್ದರೆ ಅದೇ ಜ್ವಾಲಾಮುಖಿ. ಕೀನ್ಯಾದಲ್ಲಿ ನೆಲವೇ ಇಬ್ಭಾಗವಾಗಿ ಸೀಳುತ್ತಿದ್ದು, ಆ ಸೀಳಿನ ಗುಂಟ ಬೆಂಕಿಬೆಟ್ಟಗಳೆದ್ದಿವೆ.

ಜ್ವಾಲಾಮುಖಿಯ ಮಣ್ಣು ಕಾಫಿಗೆ ಒಳ್ಳೆಯದು. ಆದರೆ ಅದರ ಬೆಲೆಯೂ ದೊಡ್ಡದು. ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಬೆಟ್ಟ 1985ರ ನವೆಂಬರ್ 13ರ ರಾತ್ರಿ ಸಿಡಿದಾಗ ಶಿಖರದ ಹಿಮ ಕರಗಿ ಕೆಸರಿನ ಪ್ರವಾಹವಾಗಿ ಇಳಿಯಿತು. ಅರ್ಮೆರೊ ಪಟ್ಟಣ ಹೂತುಹೋಗಿ, ಒಟ್ಟು ಸುಮಾರು 23,000 ಜನ ಸತ್ತರು. 1999ರ ಜನವರಿ 25ರಂದು ಅದೇ ದೇಶದ ಕಾಫಿ ಸೀಮೆಯ ಅರ್ಮೇನಿಯಾ ಎಂಬ ಊರಿನ ಬಳಿ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನಮ್ಮ ದೇಶದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದು. ಬಹುಕಾಲ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಎಚ್ಚೆತ್ತಿತು. ಅಲ್ಲಿಯೂ ಭಾರತದ ಫಲಕ ಇನ್ನೊಂದರಡಿ ನುಸುಳುತ್ತಿದೆ. 2004ರ ಡಿಸೆಂಬರ್ 26ರ ಸುನಾಮಿಗೆ ಕಾರಣವಾದ ಭೂಕಂಪವೂ ಅದೇ ಅಂಚಿನದು.

ಅಡಕತ್ತರಿಯ ಉದಾಹರಣೆ

ಬಂಡೆಯಲ್ಲಿ ಬಿರುಕು ಬಿಟ್ಟು, ಬಿರುಕಿನ ಎರಡು ಬದಿ ಒಂದಕ್ಕೊಂದು ಸರಿದಿದ್ದರೆ ಅದನ್ನು ಸ್ತರಭಂಗ ಎನ್ನುತ್ತಾರೆ. ಬರೀ ಬಿರುಕಿಗೂ ಸ್ತರಭಂಗಕ್ಕೂ ಇರುವ ವ್ಯತ್ಯಾಸ ಈ ಸರಿದಾಟವೇ. ಕೆಲವೆಡೆ ಒಂದು ಬದಿ ಕುಸಿಯುತ್ತದೆ, ಕೆಲವೆಡೆ ಇನ್ನೊಂದರ ಮೇಲೆ ಏರುತ್ತದೆ, ಕೆಲವೆಡೆ ಅಡ್ಡಕ್ಕೆ ಜಾರುತ್ತದೆ.

ಒಣಗಿದ ಗೋಟಡಿಕೆಯನ್ನು ಅಡಕತ್ತರಿಯಲ್ಲಿಟ್ಟು ಒತ್ತಿ ನೋಡಿ. ಮೊದಲು ಏನೂ ಆಗುವುದಿಲ್ಲ, ಕೈ ಮಾತ್ರ ಬಿಗಿಯುತ್ತದೆ. ಇನ್ನಷ್ಟು ಒತ್ತಿದಾಗ ಒಮ್ಮೆಲೇ ಟಕ್ಕೆಂದು ಹೋಳಾಗಿ ಚೂರು ಹಾರುತ್ತದೆ. ಬಂಡೆಯ ಸಂಗತಿಯೂ ಇದೇ. ಫಲಕದ ನೂಕು ನೂರಾರು ವರ್ಷ ಬಂಡೆಯಲ್ಲಿ ಬಿಗಿತವಾಗಿ ಸೇರುತ್ತಾ ಹೋಗುತ್ತದೆ. ಸ್ತರಭಂಗದ ಎರಡು ಬದಿಗಳ ಹಿಡಿತ ತಡೆಯಲಾರದ ಗಳಿಗೆಯಲ್ಲಿ ಅದು ಸರಕ್ಕನೆ ಜಾರುತ್ತದೆ. ಕೂಡಿಟ್ಟ ಶಕ್ತಿ ಅಲೆಗಳಾಗಿ ಎಲ್ಲ ದಿಕ್ಕಿಗೆ ಹೊರಡುತ್ತದೆ. ಅದೇ ಭೂಕಂಪ.

ಮೊದಲು ಬರುವ ಅಲೆ ವೇಗದ್ದು, ಹಿಂದೆ ಬರುವುದು ನಿಧಾನದ್ದು ಮತ್ತು ಹೆಚ್ಚು ಅಲುಗಿಸುವಂಥದು. ಮಿಂಚಿಗೂ ಗುಡುಗಿಗೂ ನಡುವಿನ ಅಂತರ ಎಣಿಸಿ ಸಿಡಿಲಿನ ದೂರ ಊಹಿಸುವಂತೆ, ಈ ಎರಡು ಅಲೆಗಳ ಅಂತರದಿಂದ ಕಂಪನದ ದೂರ ಲೆಕ್ಕ ಹಾಕುತ್ತಾರೆ. ಅಂತರ ಒಂದು ಸೆಕೆಂಡಾದರೆ ದೂರ ಸುಮಾರು 8 ಕಿಲೋಮೀಟರ್. ಮೂರು ಕೇಂದ್ರಗಳ ದಾಖಲೆ ಸಿಕ್ಕರೆ ಸ್ಥಳವೇ ಗೊತ್ತಾಗುತ್ತದೆ. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ಇಂಥ ಸೂಕ್ಷ್ಮ ಉಪಕರಣಗಳ ಕೇಂದ್ರವಿದೆ.

ಪ್ರಮಾಣದ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಅಂಕಿ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಏರಿದರೆ ಸಾವಿರ ಪಟ್ಟು.

ನಮ್ಮ ನೆಲದ ಹಳೆಯ ಕಥೆ

ಈಗ ಮನೆಯ ಹತ್ತಿರ ಬರೋಣ. ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಭಾರತದ ಅತಿ ಹಳೆಯ ನೆಲಗಳಲ್ಲೊಂದು. ಇಲ್ಲಿ ಹೆಚ್ಚಾಗಿ ಕಾಣುವ ಪಟ್ಟೆ ಪಟ್ಟೆಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ನಡುವೆ ಗದಗ, ಚಿತ್ರದುರ್ಗಗಳಿಂದ ಹೊರಟು ದಕ್ಷಿಣಕ್ಕೆ ನಾಗಮಂಗಲದವರೆಗೆ ಹಸಿರು ಛಾಯೆಯ ಶಿಲೆಗಳ ಪಟ್ಟಿಯೊಂದು ಇಳಿದಿದೆ. ಕೃಷ್ಣರಾಜಪೇಟೆಯ ಸುತ್ತಲೂ ಇಂಥದೇ ಸಣ್ಣ ಪಟ್ಟಿಯಿದೆ. ಈ ಪಟ್ಟಿಗಳಲ್ಲಿ ಒಂದು ಕಾಲದ ಜ್ವಾಲಾಮುಖಿಯ ಲಾವಾ ಅಡಗಿದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳು ಸಮುದ್ರದಡಿ ಉಕ್ಕಿದ ಲಾವಾ ನೀರು ತಗುಲಿ ಗಟ್ಟಿಯಾದುದಕ್ಕೆ ಸಾಕ್ಷಿ. ಬಾಬಾಬುಡನ್ ಗಿರಿಯಲ್ಲಿ ಕಾಫಿ ಗಿಡಗಳು ಬೇರಿಳಿಸಿರುವುದೂ ಇಂಥ ಪುರಾತನ ಲಾವಾ ಶಿಲೆ ಮತ್ತು ಕಬ್ಬಿಣದ ಕಲ್ಲು ಸವೆದ ಮಣ್ಣಿನಲ್ಲೇ. ಹೊಯ್ಸಳರ ಶಿಲ್ಪಿಗಳು ಹೊಸಹೊಳಲಿನಂಥ ಗುಡಿಗಳಿಗೆ ಬಳಸಿದ ಬಳಪದ ಕಲ್ಲೂ ಇಂಥ ಪಟ್ಟಿಗಳ ಕೊಡುಗೆಯೇ.

ಆದರೆ ಆ ಜ್ವಾಲಾಮುಖಿಗಳು ಆರಿ ಇನ್ನೂರೈವತ್ತು ಕೋಟಿ ವರ್ಷಗಳೇ ಕಳೆದಿವೆ. ಉಡುಪಿಯ ಬಳಿಯ ಸೇಂಟ್ ಮೇರಿಸ್ ದ್ವೀಪದ ಲಾವಾ ಕಂಬಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷದವು. ಉತ್ತರ ಕರ್ನಾಟಕದ ಕಪ್ಪುಮಣ್ಣಿನ ತಳದ ಲಾವಾ ಸುಮಾರು 6.6 ಕೋಟಿ ವರ್ಷದ್ದು. ನಮ್ಮಲ್ಲಿ ಈಗ ಫಲಕದ ಅಂಚಿಲ್ಲ, ಶಿಲಾಪಾಕದ ಸೆಲೆಯಿಲ್ಲ. ಕರಿಘಟ್ಟವಾಗಲಿ ಕುಂತಿಬೆಟ್ಟವಾಗಲಿ ಬೆಂಕಿ ಉಗುಳೀತೆಂಬ ಭಯ ಯಾರಿಗೂ ಬೇಡ.

ಹಳೆಯ ಬಿರುಕುಗಳ ಮಾತು ಬೇರೆ. ಚಿತ್ರದುರ್ಗದ ಪಟ್ಟಿಯ ಪೂರ್ವದ ಅಂಚಿನಲ್ಲಿ ಎರಡು ಪುರಾತನ ಭೂಖಂಡಗಳು ಬೆಸೆದುಕೊಂಡ ಹೊಲಿಗೆಯಂಥ ವಲಯವಿದೆ. ಶ್ರೀರಂಗಪಟ್ಟಣದ ಸುತ್ತ ನೆಲ ಸೀಳಿ ಕರಿಕಲ್ಲು ಮತ್ತಿತರ ಕಲ್ಲುಗಳು ಗೋಡೆಯಂತೆ ತುಂಬಿಕೊಂಡಿವೆ. ಬೋರ್‌ವೆಲ್ ತೆಗೆಸುವವರಿಗೆ ಇದರ ಮಹತ್ವ ಗೊತ್ತು. ನಮ್ಮ ಗಟ್ಟಿಕಲ್ಲಿನ ನೆಲದಲ್ಲಿ ಆಳದ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ. ಕರಿಕಲ್ಲಿನ ಗೋಡೆ ಅಡ್ಡ ಬಂದಲ್ಲಿ ಒಂದು ಬದಿಗೆ ನೀರು ನಿಂತು ಇನ್ನೊಂದು ಬದಿ ಒಣಗುವುದೂ ಉಂಟು. ಎಂದೋ ನೆಲವನ್ನು ನಡುಗಿಸಿದ ಬಿರುಕೇ ಇಂದು ತೋಟಕ್ಕೆ ನೀರು ಕೊಡುತ್ತಿದೆ.

ಹಿಮಾಲಯದ ಕಡೆಯ ನೂಕು ಇಡೀ ಫಲಕದ ಮೂಲಕ ದಕ್ಷಿಣದವರೆಗೂ ಹಬ್ಬುತ್ತದೆ. ಹಾಗೆ ಬಂದ ಬಿಗಿತ ಅಪರೂಪಕ್ಕೊಮ್ಮೆ ಹಳೆಯ ಬಿರುಕನ್ನು ಜಾರಿಸುತ್ತದೆ. 1900ರ ಫೆಬ್ರವರಿ 8ರ ಕೊಯಮತ್ತೂರು ಭೂಕಂಪ ಸುಮಾರು 6ರ ಪ್ರಮಾಣದ್ದು. 2001ರ ಜನವರಿ 29ರಂದು, ಭುಜ್ ದುರಂತದ ಮೂರನೆಯ ದಿನ, ಮಂಡ್ಯ ಸೀಮೆಯಲ್ಲಿ 4.3ರ ಕಂಪವಾಗಿ ಬೆಂಗಳೂರಿನವರೆಗೂ ಜನ ಬೆಚ್ಚಿದರು. ಶಕ್ತಿಯ ಲೆಕ್ಕದಲ್ಲಿ ಭುಜ್ ಭೂಕಂಪ ಅದಕ್ಕಿಂತ ಲಕ್ಷ ಪಟ್ಟಿನ ಆಸುಪಾಸು ದೊಡ್ಡದು. 2022ರ ಜೂನ್ 23ರಂದು ಕೃಷ್ಣರಾಜಪೇಟೆಗೆ ದೂರವಲ್ಲದ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4ರ ಕಂಪವಾಯಿತು. ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿ, ಅದು ಗರಿಷ್ಠ 5.1ರ ಕಂಪಕ್ಕೆ ಮೂಲವಾಗಬಹುದೆಂದು ಲೆಕ್ಕ ಹಾಕಿದ್ದಾರೆ. 2002ರ ಭೂಕಂಪ ವಲಯ ನಕ್ಷೆಯಲ್ಲಿ ನಮ್ಮ ಜಿಲ್ಲೆ ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿತ್ತು. ಕಡಿಮೆ ಎಂದರೆ ಇಲ್ಲವೆಂದಲ್ಲ.

ಕಟ್ಟೆ ಮತ್ತು ಕಲ್ಲುಗಣಿ

ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ 1962ರಿಂದ ನೀರು ನಿಂತ ಮೇಲೆ ಸಣ್ಣ ಕಂಪಗಳು ಹೆಚ್ಚಿದವು. 1967ರ ಡಿಸೆಂಬರ್ 11ರಂದು 6.3ರ ಭೂಕಂಪವಾಗಿ ಸುಮಾರು 180 ಜನ ಸತ್ತರು. ನೀರಿನ ಭಾರ ಮತ್ತು ಬಿರುಕಿಗಿಳಿದ ನೀರಿನ ಒತ್ತಡ, ಮೊದಲೇ ಬಿಗಿತುಕೊಂಡಿದ್ದ ಸ್ತರಭಂಗವನ್ನು ಸಡಿಲಿಸಿದವೆಂದು ವಿಜ್ಞಾನಿಗಳ ನಿರ್ಣಯ. ನೀರು ತಾನೇ ಭೂಕಂಪವನ್ನು ಹುಟ್ಟಿಸುವುದಿಲ್ಲ, ಮಾಗಿದ್ದನ್ನು ಉದುರಿಸುತ್ತದೆ ಅಷ್ಟೆ. ಕೊಯ್ನಾ ಕಟ್ಟೆ ನೂರು ಮೀಟರಿಗೂ ಎತ್ತರ. ಕನ್ನಂಬಾಡಿ ಸುಮಾರು 130 ಅಡಿ, ಅದರಲ್ಲಿ ತುಂಬುವ ನೀರು 49.45 ಟಿ.ಎಂ.ಸಿ., ಕೊಯ್ನಾದ ಅರ್ಧದಷ್ಟು. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಈ ಕಟ್ಟೆ ತೊಂಬತ್ತು ಮಳೆಗಾಲ ತುಂಬಿ ಇಳಿದಿದೆ. ಕೊಯ್ನಾದಂಥ ಘಟನೆ ಇಲ್ಲಿ ನಡೆದಿಲ್ಲ.

ಆದರೆ ಸುರ್ಕಿ ಗಾರೆಯಿಂದ ಕಟ್ಟಿದ ಹಿರಿಯ ಕಟ್ಟೆಯಿದು. ಸುತ್ತಲಿನ ಸ್ಫೋಟಗಳ ವಿಷಯದಲ್ಲಿ ಉದಾಸೀನ ಸಲ್ಲದು. 2018ರ ಸೆಪ್ಟೆಂಬರಿನಲ್ಲಿ ಕೇಳಿಬಂದ ಭಾರಿ ಶಬ್ದದ ಬಳಿಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಕಂಪನದ ದಾಖಲೆ ಪರಿಶೀಲಿಸಿ, ಅದು ಕಲ್ಲುಗಣಿಯ ಸ್ಫೋಟದ್ದೆಂದು ತಿಳಿಸಿತು. ಬೇಬಿಬೆಟ್ಟದ ಸುತ್ತಿನ ಗಣಿಗಾರಿಕೆಯ ವಿವಾದ ಬೆಳೆದದ್ದು ಹೀಗೆ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ಆದೇಶ ನೀಡಿತು. ಸ್ಫೋಟ ನೆಲದ ಮೇಲ್ಪದರದಲ್ಲಿ ಒಮ್ಮೆಗೇ ಸಿಡಿಯುವಂಥದು. ಭೂಕಂಪವಾದರೋ ಕಿಲೋಮೀಟರುಗಳ ಆಳದಲ್ಲಿ ಬಂಡೆ ಜಾರಿದ್ದು. ಕಿವಿಗೆ ಎರಡೂ ಒಂದೇ ಎನಿಸಬಹುದು, ಉಪಕರಣದ ಗೆರೆಯಲ್ಲಿ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ಶಬ್ದ ಕೇಳಿದಾಗ ಭೂಕಂಪವೆಂದು ಸುದ್ದಿ ಹಬ್ಬಿಸುವುದೂ ತಪ್ಪು, ಏನೂ ಇಲ್ಲವೆಂದು ತಳ್ಳಿಹಾಕುವುದೂ ತಪ್ಪು. ದಾಖಲೆಯನ್ನು ಕೇಳಿ ಪಡೆಯುವುದೇ ಸರಿಯಾದ ದಾರಿ.

ಸದಸ್ಯರು ಮಾಡಬಹುದಾದುದು

1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದೂ ನಮ್ಮಂತೆಯೇ ಫಲಕದ ಅಂಚಿನಿಂದ ದೂರದ, ಸುರಕ್ಷಿತವೆಂದು ನಂಬಿದ್ದ ಸೀಮೆ. ಜನರನ್ನು ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ಈ ಪಾಠ ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತದೆ.

ಹೊಸ ಮನೆ, ಗೋದಾಮು, ಕೂಲಿಲೈನು ಕಟ್ಟಿಸುವವರು ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕೂರಿಸಬೇಕು. ನಾಲ್ಕೂ ಮೂಲೆಗಳನ್ನು ಬೆಸೆಯಬೇಕು. ಹಳೆಯ ಕಲ್ಲುಗೋಡೆಯಲ್ಲಿ ಅಲ್ಲಲ್ಲಿ ಗೋಡೆಯ ಎರಡೂ ಮೈ ಮುಟ್ಟುವ ಉದ್ದಕಲ್ಲು ಇದೆಯೇ ನೋಡಿ. ಅಡಿಕೆ, ಕಾಫಿ ಮೂಟೆಗಳ ಅಟ್ಟಿಯನ್ನು ಬಾಗಿಲಿಗೆ ಅಡ್ಡವಾಗಿ ಎತ್ತರಕ್ಕೆ ಪೇರಿಸಬೇಡಿ. ನೆಲ ನಡುಗಿದರೆ ಗಟ್ಟಿ ಮೇಜಿನಡಿ ತಲೆ ಕಾಯ್ದುಕೊಳ್ಳಿ. ಬಯಲಿನಲ್ಲಿದ್ದರೆ ಗೋಡೆ, ಕಂಬಗಳಿಂದ ದೂರವಿರಿ. ಇಂಥ ದಿನ ಇಂಥ ಹೊತ್ತಿಗೆ ಭೂಕಂಪವೆಂದು ಯಾರೇ ಹೇಳಿದರೂ ನಂಬಬೇಡಿ, ಹಾಗೆ ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಇನ್ನೂ ಇಲ್ಲ.

ಕಂಪ ಅಥವಾ ಶಬ್ದ ಅನುಭವಕ್ಕೆ ಬಂದರೆ ಊರು, ದಿನಾಂಕ, ಗಂಟೆ ನಿಮಿಷ, ಎಷ್ಟು ಹೊತ್ತು, ಪಾತ್ರೆ ಅಲುಗಿತೇ, ಗೋಡೆ ಸೀಳಿತೇ ಎಂಬಿಷ್ಟನ್ನು ಬರೆದು ತಹಶೀಲ್ದಾರರಿಗೆ ತಿಳಿಸಿ, ಒಂದು ಪ್ರತಿಯನ್ನು ಸಂಘಕ್ಕೂ ಕಳುಹಿಸಿ. ಹತ್ತು ಊರಿನಿಂದ ಬಂದ ಹತ್ತು ಸಾಲು ಒಟ್ಟಾದರೆ ಅಧಿಕಾರಿಗಳ ಮುಂದೆ ಇಡಲು ನಮಗೊಂದು ಆಧಾರ ಸಿಕ್ಕಂತಾಗುತ್ತದೆ.