ಬುಲೆಟ್ಟಿನ ಹಿಂಗಾಲುಗಳು

ಮೋಟಾರು ಸೈಕಲ್ಲಿನ ದೀಪವು ದಾರಿಯನ್ನು ತೋರತಕ್ಕದ್ದೇ ಹೊರತು ಮರದ ತುದಿಯನ್ನಲ್ಲ. ಕೊಟ್ಟಿಗೆಹಾರವನ್ನು ಬಿಟ್ಟು ಉಜಿರೆಯತ್ತ ಚಾರ್ಮಾಡಿಯ ತಿರುವುಗಳನ್ನು ಒಂದು ಮುಸ್ಸಂಜೆ ಇಳಿಯುತ್ತಿದ್ದಾಗ, ನನ್ನ ಹಳೆಯ ಬುಲೆಟ್ಟಿನ ದೀಪವು ಪ್ರತಿಯೊಂದು ತಗ್ಗನ್ನು ದಾಟಿದ ಮೇಲೂ ಮೂರು ನಾಲ್ಕು ಸಲ ಹೌದುಹೌದೆಂದು ತಲೆಯಾಡಿಸಿ, ಒಮ್ಮೆ ರಸ್ತೆಯನ್ನೂ ಒಮ್ಮೆ ಮೇಲಿನ ಕೊಂಬೆಗಳನ್ನೂ ಬೆಳಗುತ್ತಿದ್ದುದನ್ನು ಕಂಡು, ದೀಪದ ಬೋಲ್ಟು ಸಡಿಲವಾಗಿರಬೇಕೆಂದೇ ನಾನು ಭಾವಿಸಿದೆನು. ಉಜಿರೆಯಲ್ಲಿ ಚಹಕ್ಕೆಂದು ನಿಂತಾಗ ಹಿಡಿದು ಅಲುಗಿಸಿ ನೋಡಿದರೆ ಬೋಲ್ಟು ಕಲ್ಲಿನಂತೆ ಭದ್ರವಾಗಿತ್ತು. ವ್ಯಾಧಿಯಿದ್ದುದು ಹಿಂಭಾಗದಲ್ಲಿ, ತಲೆಯಲ್ಲಿ ಕಂಡುದು ಅದರ ಲಕ್ಷಣ ಮಾತ್ರ.

ಆ ಹಿಂಭಾಗದ ಅಂಗವನ್ನು ನಮ್ಮ ಗ್ಯಾರೇಜುಗಳಲ್ಲಿ ಶಾಕಪ್ ಎನ್ನುವರು. ಪುಸ್ತಕದಲ್ಲಿ ಅದರ ಹೆಸರು ಶಾಕ್ ಅಬ್ಸಾರ್ಬರ್. ಆಘಾತವನ್ನು ಹೀರಿಕೊಳ್ಳತಕ್ಕದ್ದು ಎಂದರ್ಥ. ಹೆಸರೇನೋ ಗಂಭೀರವಾದುದು, ಆದರೆ ಯಥಾರ್ಥವಾದುದಲ್ಲ. ಚಕ್ರವು ಗುಂಡಿಗೆ ಬಿದ್ದಾಗ ಅಥವಾ ಹಂಪನ್ನೇರಿದಾಗ ಆ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಹೊರಗೆ ಸುತ್ತಿಕೊಂಡಿರುವ ಉಕ್ಕಿನ ಸುರುಳಿ, ಎಂದರೆ ಸ್ಪ್ರಿಂಗು. ಸ್ಪ್ರಿಂಗಿನ ಸ್ವಭಾವವಾದರೋ ಸಾಲ ಮಾಡಿದ ಸತ್ಯವಂತನ ಸ್ವಭಾವದಂತಹುದು: ಪಡೆದುದನ್ನು ಹೆಚ್ಚುಕಡಮೆ ಪೂರ್ತಿಯಾಗಿ ಹಿಂದಿರುಗಿಸುವವರೆಗೆ ಅದಕ್ಕೆ ಸಮಾಧಾನವಿಲ್ಲ. ಅದುಮಿದ ಶಕ್ತಿಯನ್ನೆಲ್ಲ ಮೇಲಕ್ಕೆಸೆದು, ಆ ರಭಸದಲ್ಲಿ ತನ್ನ ಸಮಸ್ಥಾನವನ್ನು ಮೀರಿ, ಪುನಃ ಕೆಳಗಿಳಿದು, ಪುನಃ ಏರಿ, ತಡೆಯುವವರಿಲ್ಲದಿದ್ದರೆ ತೊಟ್ಟಿಲಿನಂತೆ ತೂಗುತ್ತಲೇ ಇರುವುದು. ಈ ತೂಗಾಟವನ್ನು ಅಡಗಿಸುವುದೇ ಸುರುಳಿಯ ಒಳಗಿರುವ ನಳಿಗೆಯ ಕೆಲಸ. ಇಂಗ್ಲೆಂಡಿನ ಯಂತ್ರಜ್ಞರು ಅದನ್ನು ಡ್ಯಾಂಪರ್ ಎನ್ನುವುದುಂಟು. ಶಮನಕಾರಿ ಎಂಬ ಅರ್ಥದ ಆ ಹೆಸರೇ ನನಗೆ ಹೆಚ್ಚು ಸರಿಯೆಂದು ತೋರುತ್ತದೆ.

ನಳಿಗೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು, ರಂಧ್ರಗಳಿಗೆ ತೆಳ್ಳನೆಯ ಕವಾಟಗಳು. ಇಷ್ಟೇ ಅದರ ಸಂಸಾರ. ಚಕ್ರವು ಏರಿದಾಗ ಪಿಸ್ಟನ್ನು ಒಳಕ್ಕೆ ಸರಿಯಬೇಕು, ಇಳಿದಾಗ ಹೊರಕ್ಕೆ; ಎರಡು ಸಂದರ್ಭದಲ್ಲಿಯೂ ಎಣ್ಣೆಯು ಆ ಇಕ್ಕಟ್ಟಾದ ರಂಧ್ರಗಳ ಮೂಲಕ ನುಸುಳಿಯೇ ದಾರಿಬಿಡಬೇಕು. ಕೆರೆಯ ನೀರಿನಲ್ಲಿ ಅಂಗೈಯನ್ನು ಮೆಲ್ಲಗೆ ಸರಿಸಿದರೆ ನೀರು ಇಲ್ಲವೆಂಬಂತೆಯೇ ಇರುವುದೆಂಬುದನ್ನೂ, ಅದೇ ಅಂಗೈಯನ್ನು ರಭಸದಿಂದ ಬೀಸಿದರೆ ನೀರು ಗೋಡೆಯಂತೆ ಎದುರು ನಿಲ್ಲುವುದೆಂಬುದನ್ನೂ ಈಜು ಕಲಿತ ಹುಡುಗರೆಲ್ಲ ಬಲ್ಲರು. ಶಾಕಪ್ಪಿನ ಶಾಸ್ತ್ರವೂ ಅದಕ್ಕಿಂತ ಬಹಳ ದೂರದ್ದಲ್ಲ. ಚಲನೆಯ ವೇಗ ಹೆಚ್ಚಿದಷ್ಟೂ ಪ್ರತಿರೋಧವೂ ಹೆಚ್ಚು. ಮತ್ತೊಂದು ಜಾಣ್ಮೆಯೆಂದರೆ ಒಳಗೆ ಹೋಗುವಾಗಿನ ತಡೆಗಿಂತ ಹೊರಗೆ ಬರುವಾಗಿನ ತಡೆಯನ್ನು ಬಲವಾಗಿ ಇಟ್ಟಿರುವುದು. ಚಕ್ರವು ಗುಡ್ಡೆಯನ್ನು ಬೇಗನೆ ಏರಿಬಿಡಲಿ, ಆದರೆ ಸ್ಪ್ರಿಂಗು ಸವಾರನನ್ನು ಆಕಾಶಕ್ಕೆಸೆಯದಿರಲಿ ಎಂದು.

ಹೀಗೆ ತಡೆಯಲ್ಪಟ್ಟ ಶಕ್ತಿಯು ನಾಶವಾಗುವುದಿಲ್ಲ, ಶಾಖವಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಮೈಲಿ ಓಡಿಸಿ ನಿಲ್ಲಿಸಿದ ಕೂಡಲೇ ಎರಡು ಶಾಕಪ್ಪುಗಳ ಕೆಳ ನಳಿಗೆಯನ್ನೂ ಜಾಗರೂಕತೆಯಿಂದ ಮುಟ್ಟಿ ನೋಡಿ. ಕೆಲಸ ಮಾಡಿದವನ ಮೈ ಬೆಚ್ಚಗಿರುತ್ತದೆ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ಆ ತಣ್ಣಗಿನದು ಸಂಬಳ ತೆಗೆದುಕೊಂಡು ಸುಮ್ಮನೆ ಕುಳಿತಿದೆಯೆಂದು ತಿಳಿಯಬಹುದು. ಆ ದಿನ ಉಜಿರೆಯಲ್ಲಿ ನನ್ನ ಗಾಡಿಯ ಎಡಗಡೆಯದು ಉಗುರುಬೆಚ್ಚಗಿತ್ತು. ಬಲಗಡೆಯದು ಚಹದಂಗಡಿಯ ಬೆಂಚಿನ ಕಾಲಿನಷ್ಟೇ ತಣ್ಣಗಿತ್ತು.

ಈ ಯಂತ್ರಭಾಗವು ಸಾಯುವ ರೀತಿಯೇ ವಿಚಿತ್ರವಾದುದು. ಕ್ಲಚ್ ವೈರು ಕಡಿದರೆ ತತ್‌ಕ್ಷಣವೇ ತಿಳಿಯುತ್ತದೆ. ಟೈರು ಪಂಕ್ಚರಾದರೆ ಊರಿಗೇ ತಿಳಿಯುತ್ತದೆ. ಶಾಕಪ್ ಹಾಗಲ್ಲ. ಪಿಸ್ಟನ್ನಿನ ಹೊಳೆಯುವ ಕಂಬಿಯ ಮೇಲೆ ಧೂಳೂ ಮಳೆಯ ನೀರೂ ಕುಳಿತು ಸಣ್ಣ ತುಕ್ಕಿನ ಚುಕ್ಕೆಗಳಾಗುವುವು. ಪ್ರತಿ ಏರಿಳಿತದಲ್ಲಿಯೂ ಆ ಚುಕ್ಕೆಗಳು ರಬ್ಬರಿನ ಸೀಲನ್ನು ಉಪ್ಪುಕಾಗದದಂತೆ ಉಜ್ಜುವುವು. ಸವೆದ ಸೀಲಿನಿಂದ ಎಣ್ಣೆಯು ತೊಟ್ಟುತೊಟ್ಟಾಗಿ ಒಸರಿ, ಅದು ಖಾಲಿ ಮಾಡಿದ ಸ್ಥಳವನ್ನು ಗಾಳಿಯು ಆಕ್ರಮಿಸಿ, ಎಣ್ಣೆಯೂ ಗಾಳಿಯೂ ಕಡೆದ ಮಜ್ಜಿಗೆಯಂತೆ ನೊರೆಯಾಗುವುದು. ನೊರೆಯೋ ರಂಧ್ರಗಳ ಮೂಲಕ ಯಾವ ಆಯಾಸವೂ ಇಲ್ಲದೆ ದಾಟಿಹೋಗುವುದು. ಇದೆಲ್ಲ ಒಂದು ದಿನದಲ್ಲಿ ಆಗತಕ್ಕದ್ದಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರೊಳಗೆ ಸವಾರನು ತನಗರಿವಿಲ್ಲದೆಯೇ ಹಂಪು ಬಂದಾಗ ಸೀಟಿನಿಂದ ಎದ್ದು ನಿಲ್ಲುವುದನ್ನೂ, ತಿರುವಿನಲ್ಲಿ ಹಿಂಭಾಗ ತೊನೆದರೆ ಹ್ಯಾಂಡಲನ್ನು ಬಿಗಿಹಿಡಿಯುವುದನ್ನೂ, ಊರಿನ ಯಾವ ರಸ್ತೆಯ ಯಾವ ಮಗ್ಗುಲಿನಲ್ಲಿ ಗುಂಡಿಯಿಲ್ಲವೆಂಬ ಭೂಗೋಳವನ್ನೂ ಕಲಿತುಕೊಂಡುಬಿಟ್ಟಿರುತ್ತಾನೆ. ನಳಿಗೆಯು ಬಿಟ್ಟ ಕೆಲಸವನ್ನು ಅವನ ಮೊಣಕಾಲೂ ಸೊಂಟವೂ ವಹಿಸಿಕೊಳ್ಳುತ್ತವೆ. ನನ್ನ ಹಿಂದೆ ಕುಳಿತು ಬರುತ್ತಿದ್ದ ಸ್ನೇಹಿತರು ಎರಡು ವರ್ಷಗಳಿಂದ ಬೆನ್ನುನೋವೆಂದು ಹೇಳುತ್ತಿದ್ದರು. ಅವರಿಗೆ ವಯಸ್ಸಾಯಿತೆಂದು ನಾನು ನಿರ್ಣಯಿಸಿದ್ದೆನು.

ಇದರಲ್ಲೊಂದು ಐತಿಹಾಸಿಕ ವಿಡಂಬನೆಯೂ ಉಂಟು. ಬುಲೆಟ್ಟಿಗೆ ಕೀರ್ತಿ ಬಂದುದು ಬಹುಮಟ್ಟಿಗೆ ಈ ಹಿಂಗಾಲುಗಳಿಂದಲೇ. ಇಂಗ್ಲೆಂಡಿನ ರೆಡಿಚ್‌ನಲ್ಲಿ 1932ರಲ್ಲಿಯೇ ಆ ಹೆಸರಿನ ಗಾಡಿ ಹೊರಬಂದಿತ್ತಾದರೂ, ಆಗಿನ ಬಹುಪಾಲು ಮೋಟಾರು ಸೈಕಲ್ಲುಗಳಂತೆ ಅದರ ಹಿಂದಿನ ಚಕ್ರವೂ ಚೌಕಟ್ಟಿಗೆ ನೇರವಾಗಿ ಬಿಗಿಯಲ್ಪಟ್ಟಿತ್ತು. ಸವಾರನಿಗಿದ್ದ ಸಮಾಧಾನವೆಂದರೆ ಸೀಟಿನ ಕೆಳಗಿನ ಎರಡು ಸುರುಳಿಗಳು. ಮಹಾಯುದ್ಧ ಮುಗಿದ ಮೇಲೆ ಕೆಲವರು ಕಂಬಿಯ ಮೇಲೆ ಚಕ್ರವು ನೇರವಾಗಿ ಏರಿಳಿಯುವ ಪ್ಲಂಜರ್ ವಿಧಾನವನ್ನು ಹಿಡಿದಿದ್ದರು. ರಾಯಲ್ ಎನ್‌ಫೀಲ್ಡಿನವರು ಮಾತ್ರ ಚಕ್ರವನ್ನು ತೂಗುವ ತೋಳೊಂದಕ್ಕೆ ಸಿಕ್ಕಿಸಿ, ಆ ತೋಳನ್ನು ಎಣ್ಣೆ ತುಂಬಿದ ಎರಡು ಶಾಕಪ್ಪುಗಳಿಂದ ಹಿಡಿದು ನಿಲ್ಲಿಸಿ, ಹೊಸ ಬುಲೆಟ್ಟನ್ನು ಸ್ಪರ್ಧೆಗೆ ಇಳಿಸಿದರು. 1948ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲಿ ಇಂತಹ ಎರಡು ಗಾಡಿಗಳಿದ್ದುವು; ಎರಡರ ಸವಾರರೂ ಚಿನ್ನದ ಪದಕಗಳೊಂದಿಗೆ ಮರಳಿದರು. ಮರುವರ್ಷ ಅದು ಮಾರುಕಟ್ಟೆಗೆ ಬಂದಿತು. ನಮ್ಮ ಸೇನೆಗೆಂದು 350 ಸಿ.ಸಿ.ಯ 800 ಬುಲೆಟ್ಟುಗಳಿಗೆ ಸರ್ಕಾರವು ಬೇಡಿಕೆ ಕೊಟ್ಟುದು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿದುದು, ಇವೆಲ್ಲ ಅದರ ಹಿಂದೆಯೇ ನಡೆದ ಸಂಗತಿಗಳು. ಮುಂದೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಗಾಡಿಗಳಿಗೂ ಇಂತಹ ಜೋಡಿ ಹಿಂಗಾಲುಗಳೇ ಇದ್ದುವು. ಆದಕಾರಣ ಇಲ್ಲಿ ಹೇಳುವ ಮಾತುಗಳಲ್ಲಿ ಹೆಚ್ಚಿನವು ಆ ಕಾರ್ಖಾನೆಯ ಯೆಜ್ಡಿಯ ಅಭಿಮಾನಿಗಳಿಗೂ ಸಲ್ಲುತ್ತವೆ.

ಬೆಂಗಳೂರಿಗೆ ಮರಳಿದ ಮೇಲೆ ಗಾಡಿಯನ್ನು ಬೆಳಕಿನಲ್ಲಿ ಪರೀಕ್ಷಿಸಿದೆನು. ಸ್ಟ್ಯಾಂಡಿನಿಂದ ಇಳಿಸಿ, ಸೀಟಿನ ಹಿಂಭಾಗವನ್ನು ಎರಡು ಕೈಗಳಿಂದ ಬಲವಾಗಿ ಅದುಮಿ ಬಿಟ್ಟರೆ, ಆರೋಗ್ಯವಂತ ಗಾಡಿಯು ಒಮ್ಮೆ ಮೇಲೆದ್ದು ಅಲ್ಲಿಯೇ ನಿಲ್ಲಬೇಕು. ನನ್ನದು ಮೂರು ಸಲ ಕುಣಿಯಿತು. ಬಲಗಡೆಯ ಕಂಬಿಯ ಬುಡದಲ್ಲಿ ಎಣ್ಣೆಗೆ ಧೂಳು ಮೆತ್ತಿ, ಹಳೆಯ ದೀಪದ ಕಂಬದಲ್ಲಿರುವ ಜಿಡ್ಡಿನಂತೆ ಕಪ್ಪಗೆ ಕಟ್ಟಿಕೊಂಡಿತ್ತು. ಶಾಕಪ್ಪಿನ ತುದಿಯಲ್ಲಿ ಬೋಲ್ಟು ತೂರುವ ಕಣ್ಣಿನಲ್ಲಿದ್ದ ರಬ್ಬರ್ ಬುಶ್ಶುಗಳು ಬೇಸಗೆಯ ಗದ್ದೆಯಂತೆ ಬಿರುಕುಬಿಟ್ಟಿದ್ದುವು. ಟೈರನ್ನು ಕೈಯಿಂದ ಸವರಿದರೆ ಅಲ್ಲಲ್ಲಿ ತಗ್ಗುದಿಣ್ಣೆ. ಚಕ್ರವು ನೆಲವನ್ನು ಬಿಟ್ಟು ಬಿಟ್ಟು ಹಿಡಿದುದರ ಗುರುತು ಅದು.

ಹೊಸ ಶಾಕಪ್ಪುಗಳನ್ನು ಕೊಳ್ಳುವಾಗ ಕೇಳತಕ್ಕ ಮೊದಲ ಮಾತು ಬೆಲೆಯಲ್ಲ, ಉದ್ದ. ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗಿನ ಅಳತೆಯು ಹಳೆಯದಕ್ಕೆ ಸಮನಾಗಿರಬೇಕು. ಒಂದಂಗುಲ ಉದ್ದವಾದುದನ್ನು ಹಾಕಿದರೆ ಹಿಂಭಾಗವೆದ್ದು, ಮುಂದಿನ ಫೋರ್ಕಿನ ಓರೆ ಬದಲಾಗಿ, ಗಾಡಿಯು ತಿರುವಿಗೆ ಆತುರಪಡುವುದು. ಡಬಲ್ ಸ್ಟ್ಯಾಂಡು ಹಾಕಿದರೂ ಚಕ್ರವು ನೆಲವನ್ನು ಬಿಡದು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ನನಗೆ ಮೊದಲು ತೋರಿಸಿದ ಜೋಡಿಗೆ ಪಕ್ಕದಲ್ಲಿ ಚಿನ್ನದ ಬಣ್ಣದ ಪುಟ್ಟ ಡಬ್ಬಿಗಳಿದ್ದುವು. ನಿಜವಾದ ಡಬ್ಬಿಯಲ್ಲಿ ಒತ್ತಡದ ನೈಟ್ರೋಜನ್ ಅನಿಲವಿದ್ದು, ಅದು ಎಣ್ಣೆಯನ್ನು ಸದಾ ಒತ್ತಿಹಿಡಿದು ನೊರೆಯಾಗದಂತೆ ಕಾಯುತ್ತದೆ. ಅನಿಲವನ್ನೂ ಎಣ್ಣೆಯನ್ನೂ ತೇಲುವ ಪಿಸ್ಟನ್ನೊಂದರಿಂದ ಬೇರ್ಪಡಿಸುವ ವಿಧಾನವನ್ನು ಫ್ರಾನ್ಸಿನ ದ ಕಾರ್ಬೊನ್ ಎಂಬ ಯಂತ್ರಜ್ಞನು 1950ರ ದಶಕದಲ್ಲಿ ರೂಢಿಗೆ ತಂದನು. ಅಂಗಡಿಯವನು ತೋರಿಸಿದ ಡಬ್ಬಿಯನ್ನು ಉಗುರಿನಿಂದ ತಟ್ಟಿದರೆ ಬರಿಯ ತಗಡಿನ ಸದ್ದು ಬಂದಿತು. ನಳಿಗೆಗೂ ಅದಕ್ಕೂ ನಡುವೆ ರಂಧ್ರವೇ ಇರಲಿಲ್ಲ. ಅದು ಕಿವಿಗೆ ಹಾಕಿದ ಓಲೆಯಂತೆ ಕೇವಲ ಆಭರಣ. ಸಾದಾ ಎಣ್ಣೆಯ ಶಾಕಪ್ಪುಗಳನ್ನೇ ಕೇಳಿ ತೆಗೆದುಕೊಂಡೆನು. ನಿಧಾನವಾಗಿ ತಿರುಗುವ ಹಳೆಯ ಗಾಡಿಗೆ ಅದು ಧಾರಾಳವಾಗಿ ಸಾಕು. ಕೊಂಡುದು ಜೊತೆಯಾಗಿ. ಕೆಟ್ಟುದು ಒಂದೇ ಆದರೂ ಒಂದನ್ನೇ ಬದಲಾಯಿಸಿದರೆ ಒಂದು ಕಾಲು ತರುಣನದು, ಮತ್ತೊಂದು ಮುದುಕನದು ಎಂಬಂತಾಗಿ, ತೂಗುವ ತೋಳು ಪ್ರತಿ ಹೊಡೆತಕ್ಕೂ ತಿರುಚಿಕೊಳ್ಳುತ್ತದೆ.

ಕೆಲಸಕ್ಕೆ ಒಂದು ಬೆಳಗ್ಗೆ ಸಾಕು. ಆದರೆ ಆರಂಭವಾಗಬೇಕಾದುದು ಹಿಂದಿನ ರಾತ್ರಿ. ಮಲಗುವ ಮುನ್ನ ನಾಲ್ಕು ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಟ್ಟರೆ ಬೆಳಗಾಗುವುದರೊಳಗೆ ಅದು ನಮ್ಮ ಅರ್ಧ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಬೆಳಗ್ಗೆ ಡಬಲ್ ಸ್ಟ್ಯಾಂಡ್ ಹಾಕಿ, ಸಾಮಾನಿನ ಕ್ಯಾರಿಯರನ್ನು ಬಿಚ್ಚಿ, ಹಿಂದಿನ ಚಕ್ರದ ಕೆಳಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ತೂರಿಸಿ, ಚಕ್ರದ ಭಾರವು ಶಾಕಪ್ಪುಗಳಿಗೆ ತಗುಲದಂತೆ ಮಾಡಿದೆನು. ಭಾರವು ಸರಿಯಾಗಿ ಇಳಿದಿದೆಯೆಂಬುದಕ್ಕೆ ಬೋಲ್ಟೇ ಸಾಕ್ಷಿ: ನಟ್ಟು ತೆಗೆದ ಮೇಲೆ ಅದು ಎರಡು ಬೆರಳಿನ ಒತ್ತಿಗೆ ಜಾರಬೇಕು, ಸುತ್ತಿಗೆಯನ್ನು ಬೇಡಿದರೆ ಹಲಗೆಯನ್ನು ಇನ್ನಷ್ಟು ಒಳಗೆ ತಳ್ಳಬೇಕು, ಇಲ್ಲವೆ ಹೊರಗೆಳೆಯಬೇಕು. ಅಂಗುಲದ ನಟ್ಟುಗಳೂ ಮಿಲಿಮೀಟರಿನವೂ ಬೆರೆತಿರುವ ಹಳೆಯ ಬುಲೆಟ್ಟಿನಲ್ಲಿ ಹೆಚ್ಚುಕಡಮೆ ಹಿಡಿಸುವ ಸ್ಪ್ಯಾನರೆಂಬುದು ನಟ್ಟಿನ ಮೂಲೆಗಳಿಗೆ ಯಮ. ಎಷ್ಟು ಹೊತ್ತಾದರೂ ಸರಿ, ಸರಿಯಾದುದನ್ನೇ ಹುಡುಕತಕ್ಕದ್ದು.

ಎರಡನ್ನೂ ಒಟ್ಟಿಗೆ ಬಿಚ್ಚುವ ಸಾಹಸ ಬೇಡ. ಒಂದನ್ನು ತೆಗೆದಾಗ ಇನ್ನೊಂದು ತೋಳನ್ನು ಅದರ ಎತ್ತರದಲ್ಲಿ ಹಿಡಿದಿರುತ್ತದೆ. ನಾನು ಎಡಗಡೆಯದನ್ನು ಮುಗಿಸಿ ಬಲಕ್ಕೆ ಬಂದೆನು. ಅಲ್ಲಿನ ಕೆಳ ನಟ್ಟು ಒಂದು ಸುತ್ತು ತಿರುಗಿ ಆಮೇಲೆ ಮೊಂಡು ಹಿಡಿಯಿತು. ಇನ್ನಷ್ಟು ಎಣ್ಣೆ ಹಾಕಿ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಬಿಗಿದು, ಮತ್ತೆ ಅರ್ಧ ಬಿಚ್ಚಿ, ಹೀಗೆ ಅದನ್ನು ಓಲೈಸುವುದರಲ್ಲಿಯೇ ಮುಕ್ಕಾಲು ಗಂಟೆ ಕಳೆಯಿತು. ಹೊರಬಂದ ಶಾಕಪ್ಪನ್ನು ನೆಲಕ್ಕೂರಿ ಅದುಮಿದರೆ ಒಳಗಿನಿಂದ ಕುಳುಕುಳು ಎಂಬ ಶಬ್ದ ಕೇಳಿಬಂದಿತು. ಹೊಸದನ್ನು ಅದುಮಿದರೆ ಕೆಳಗಿಳಿದು, ಮೌನವಾಗಿ, ಯಾವ ಅವಸರವೂ ಇಲ್ಲದೆ ಮೇಲೆದ್ದು ನಿಂತಿತು. ಹಳೆಯದನ್ನು ಕುತೂಹಲಕ್ಕಾಗಿ ಬಿಚ್ಚಿ ನೋಡುವ ಆಸೆಯಾಯಿತೆಂಬುದನ್ನು ಮರೆಮಾಚಲಾರೆ. ಅದುಮಿಟ್ಟ ಸ್ಪ್ರಿಂಗು ತಪ್ಪಿ ಹಾರಿದರೆ ಬೆರಳನ್ನು ಮುರಿಯಬಲ್ಲುದು, ಅನಿಲ ತುಂಬಿದುದಾದರೆ ಅದನ್ನು ಕೊರೆಯುವುದು ಇನ್ನೂ ಅಪಾಯ, ಆದುದರಿಂದ ಸುಮ್ಮನಾದೆನು.

ಜೋಡಿಸುವಾಗ ಅನೇಕರು ತಪ್ಪುವ ಒಂದು ಸೂಕ್ಷ್ಮವಿದೆ. ಗಾಡಿಯು ಸ್ಟ್ಯಾಂಡಿನ ಮೇಲಿರುವಾಗಲೇ ನಟ್ಟುಗಳನ್ನು ಪೂರ್ತಿಯಾಗಿ ಬಿಗಿದರೆ, ಕಣ್ಣಿನ ರಬ್ಬರು ಆ ಭಂಗಿಯಲ್ಲಿಯೇ ಕಚ್ಚಿಕೊಂಡು, ಗಾಡಿಯು ನೆಲಕ್ಕಿಳಿದೊಡನೆ ತಿರುಚಲ್ಪಟ್ಟು, ಮುಂದಿನ ಆಯುಷ್ಯವನ್ನೆಲ್ಲ ಆ ತಿರುಚಿನಲ್ಲಿಯೇ ಸವೆಸುತ್ತದೆ. ಮೊದಲು ಸಾಧಾರಣವಾಗಿ ಬಿಗಿದು, ಗಾಡಿಯನ್ನಿಳಿಸಿ, ಸೀಟನ್ನು ನಾಲ್ಕು ಸಲ ಅದುಮಿ, ಅದು ತನ್ನ ನೆಲೆಯನ್ನು ಕಂಡುಕೊಂಡ ಮೇಲೆ ಕೊನೆಯ ಬಿಗಿತ. ಬಳಿಕ ಚೈನನ್ನೂ ನೋಡಬೇಕು: ತೋಳು ಏರಿಳಿದಂತೆ ಚೈನಿನ ಬಿಗುವೂ ಬದಲಾಗುವುದಾದುದರಿಂದ, ಒಬ್ಬರನ್ನು ಸೀಟಿನ ಮೇಲೆ ಕೂರಿಸಿಯೇ ಅದರ ಸಡಿಲವನ್ನು ಅಳೆಯುವುದು ಲೇಸು.

ಇನ್ನುಳಿದುದು ಸ್ಪ್ರಿಂಗಿನ ಬುಡದ ಮೆಟ್ಟಿಲುಗಳುಳ್ಳ ಉಂಗುರ. ಅದನ್ನು ಕೊಕ್ಕೆಯ ಸ್ಪ್ಯಾನರಿನಿಂದ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುವುದೆಂದು ಸರ್ವತ್ರ ನಂಬಿಕೆ. ಸ್ಪ್ರಿಂಗಿನ ಗಡಸುತನವು ತಂತಿಯ ದಪ್ಪದಲ್ಲಿಯೂ ಸುತ್ತುಗಳ ಸಂಖ್ಯೆಯಲ್ಲಿಯೂ ಅಗಲದಲ್ಲಿಯೂ ಇರತಕ್ಕದ್ದು. ಉಂಗುರವನ್ನು ಎಷ್ಟು ತಿರುಗಿಸಿದರೂ ಅದು ಬದಲಾಗದು. ಬದಲಾಗುವುದು ಗಾಡಿಯು ನಿಲ್ಲುವ ಎತ್ತರ. ಹಿಂದೆ ಒಬ್ಬರು ಕುಳಿತು, ಎರಡು ಪಕ್ಕಕ್ಕೂ ಚೀಲಗಳು ತೂಗಿದಾಗ ಹಿಂಭಾಗವು ಕುಗ್ಗಿ, ಗುಂಡಿಗೆಂದು ಉಳಿದಿರಬೇಕಾದ ಚಲನೆಯು ಭಾರಕ್ಕೇ ವೆಚ್ಚವಾಗಿಬಿಡುತ್ತದೆ. ಉಂಗುರವನ್ನು ಒಂದೆರಡು ಮೆಟ್ಟಿಲು ಏರಿಸಿದರೆ ಗಾಡಿಯು ಪುನಃ ತನ್ನ ಸಹಜ ಎತ್ತರಕ್ಕೆ ಬರುವುದು. ಸವಾರನು ಕುಳಿತಾಗ ಒಟ್ಟು ಚಲನೆಯ ಮೂರರಲ್ಲೊಂದು ಪಾಲಿನಷ್ಟು ಕುಗ್ಗಿದರೆ ಸರಿಯೆಂಬುದು ರೂಢಿಯ ಲೆಕ್ಕ. ಎಡಬಲ ಎರಡೂ ಒಂದೇ ಮೆಟ್ಟಿಲಿನಲ್ಲಿರಬೇಕೆಂಬುದನ್ನು ಹೇಳಬೇಕಾಗಿಲ್ಲವಾದರೂ ಹೇಳುತ್ತೇನೆ, ಏಕೆಂದರೆ ನಾನೇ ಮರೆತಿದ್ದೆನು.

ಮುಂದಿನ ವಾರ ಅದೇ ಸ್ನೇಹಿತರನ್ನು ಕೂರಿಸಿಕೊಂಡು ಸಕಲೇಶಪುರದವರೆಗೆ ಹೋಗಿಬಂದೆನು. ದೀಪವು ದಾರಿಯನ್ನೇ ನೋಡುತ್ತಿತ್ತು. ಹಂಪು ಬಂದಾಗಲೆಲ್ಲ ನಾನು ಅಭ್ಯಾಸಬಲದಿಂದ ಸೀಟಿನಿಂದೇಳುತ್ತಿದ್ದೆನು. ಏನಾಯಿತೆಂದು ಅವರು ಎರಡು ಸಲ ಕೇಳಿದರು. ಮನೆಗೆ ಬಂದು ನಾಲ್ಕು ನಟ್ಟುಗಳಿಗೂ ಸ್ಪ್ಯಾನರು ಹಾಕಿ ನೋಡಿದಾಗ, ಬಲಗಡೆಯ ಕೆಳಗಿನದು ಮಾತ್ರ ಇನ್ನೂ ಕಾಲು ಸುತ್ತು ತೆಗೆದುಕೊಂಡಿತು.