ಉಣ್ಣದ ಮಗು: ಹಠವೋ, ಕಾಯಿಲೆಯೋ?

ಊಟಕ್ಕೆ ತಕರಾರು ಮಾಡುವ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ. ಎರಡು-ಮೂರು ವರ್ಷದ ಮಗು ಹೊಸ ಪಲ್ಯ ಕಂಡು ಮುಖ ತಿರುವಿದರೆ ಗಾಬರಿ ಬೇಡ. ಬಹಳಷ್ಟು ಮಕ್ಕಳು ಬೆಳೆಯುತ್ತ ಸರಿಹೋಗುತ್ತಾರೆ. ಆದರೆ ಹತ್ತು-ಹನ್ನೆರಡು ವರ್ಷವಾದರೂ ಬಿಳಿ ಅನ್ನ, ಬಿಸ್ಕತ್ತು ಎಂದು ನಾಲ್ಕೈದು ಪದಾರ್ಥಗಳಲ್ಲೇ ನಿಂತವರಿದ್ದಾರೆ. ದೃಷ್ಟಿ ತೆಗೆದದ್ದಾಯಿತು, ಗದರಿದ್ದಾಯಿತು, ಏಟೂ ಬಿತ್ತು. ತುತ್ತು ಮಾತ್ರ ಒಳಗಿಳಿಯಲಿಲ್ಲ.

ಇದು ಹಠವಲ್ಲದೆ ಕಾಯಿಲೆಯೂ ಆಗಿರಬಹುದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದಕ್ಕೆ 'ಆರ್ಫಿಡ್' ಎಂಬ ಹೆಸರಿಟ್ಟು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತೆಳ್ಳಗಾಗಬೇಕೆಂದು ಊಟ ಬಿಡುವ ಕಾಯಿಲೆ ಬೇರೆ, ಇದು ಬೇರೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣ. ಕೆಲವರಿಗೆ ವಾಸನೆ, ಬಣ್ಣ, ಬೆಂಡೆಕಾಯಿಯ ಲೋಳೆಯಂಥದ್ದು ಸಹಿಸಲಾಗದು. ಕೆಲವರಿಗೆ ಹಸಿವೇ ಮಂದ. ಇನ್ನು ಕೆಲವರು ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೋ ವಾಂತಿಯಾದದ್ದಕ್ಕೋ ಹೆದರಿ ಗಟ್ಟಿ ಪದಾರ್ಥವನ್ನೇ ಬಿಟ್ಟಿರುತ್ತಾರೆ.

ಮೊದಲು ಮಕ್ಕಳ ಡಾಕ್ಟರರಿಗೆ ತೋರಿಸಿ. ಪಾಸ್‌ಬುಕ್ಕಿನ ಒಂದು ಸಾಲು ನೋಡಿ ಖಾತೆಯ ಸ್ಥಿತಿ ಹೇಳಲಾಗದು, ಹಿಂದಿನ ಪುಟಗಳನ್ನೂ ತಿರುವಬೇಕು. ತೂಕ, ಎತ್ತರವೂ ಹಾಗೆಯೇ. ಅಂಗನವಾಡಿ, ಶಾಲೆಯ ಹಳೆಯ ದಾಖಲೆಗಳಿದ್ದರೆ ಒಯ್ಯಿರಿ. ಮಗು ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ. ಹಲ್ಲುನೋವು, ಮಲಬದ್ಧತೆ, ಹೊಟ್ಟೆಯ ಬೇರೆ ರೋಗ, ಆಟಿಸಂ ಇವೆಯೇ ಎಂದು ಡಾಕ್ಟರರು ನೋಡುತ್ತಾರೆ. ರಕ್ತಪರೀಕ್ಷೆಯೂ ಬೇಕಾಗಬಹುದು; ಮೈತುಂಬಿಕೊಂಡ ಮಗುವಿಗೂ ಕಬ್ಬಿಣ, ಬಿ-12 ಕೊರತೆ ಇರಬಹುದು. ತೂಕ ಬೇಗ ಇಳಿದರೆ, ತಲೆಸುತ್ತಿ ಬಿದ್ದರೆ, ನೀರನ್ನೂ ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ, ಮಗು ಒಪ್ಪುವ ಪದಾರ್ಥಗಳನ್ನೇ ಹೊತ್ತಿಗೆ ಸರಿಯಾಗಿ, ಸಾಕಷ್ಟು ಕೊಟ್ಟು ಬೆಳವಣಿಗೆ ಕಾಯುವುದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬಿಳಿ ಅನ್ನ ಒಪ್ಪಿದ ಮಗುವಿಗೆ ತುಪ್ಪದ ಅನ್ನ, ಅದಾದ ಮೇಲೆ ಒಂದು ಚಮಚ ಬೇಳೆಕಟ್ಟು. ಹೊಸದನ್ನು ಮೊದಲು ನೋಡಲಿ, ಮೂಸಲಿ, ಮುಟ್ಟಲಿ. ಬಾಯಿಗಿಟ್ಟು ಉಗುಳಿದರೂ ಬೈಯಬೇಡಿ. ಹತ್ತು-ಹದಿನೈದು ಸಲ ಇಟ್ಟ ಮೇಲೆ ರುಚಿ ಒಗ್ಗಬಹುದು. ಗಂಟಲಿಗೆ ಸಿಕ್ಕೀತೆಂದು ಹೆದರುವವರಿಗೆ ಗಂಜಿ, ಆಮೇಲೆ ಮೆತ್ತನ್ನ, ಕೊನೆಗೆ ಹಾಲಲ್ಲಿ ನೆನೆಸಿದ ರೊಟ್ಟಿ. ಮೂಗು ಹಿಡಿದು ತುರುಕಬೇಡಿ. ಕದ್ದು ಬೆರೆಸಲೂ ಬೇಡಿ. ಗೊತ್ತಾದರೆ ಮಗು ಇದ್ದೊಂದು ಅನ್ನವನ್ನೂ ಬಿಟ್ಟೀತು. ಭಯ ಹೆಚ್ಚಿದ್ದರೆ ಮನೋವೈದ್ಯರ ನೆರವು ಬೇಕು.

ಅಕ್ಕಲಕೋಟೆ, ಜತ್ತ ಕಡೆಯ ನಾವು ದವಾಖಾನೆಯಲ್ಲಿ ಮರಾಠಿಯಲ್ಲಿ ಮಾತಾಡಿ ಬರುತ್ತೇವೆ. ಆದರೆ ಮಗು ತನ್ನ ಹೆದರಿಕೆಯನ್ನು ಹೇಳುವುದು ಮನೆಮಾತಿನಲ್ಲೇ. ಅದನ್ನು ಕೇಳಿಸಿಕೊಂಡು ಡಾಕ್ಟರರಿಗೆ ತಿಳಿಸುವುದು ನಮ್ಮ ಕೆಲಸ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡವೂ ಇದೆ, ಕರೆಗೆ ಹಣವಿಲ್ಲ.

ತಾಟಿನ ಮುಂದೆ ಕೂತ ಮಗುವಿಗೆ ಇಂದು ರಾತ್ರಿ ಬೈಗುಳ ಬೇಡ. "ಯಾಕೆ ಬ್ಯಾಡವ್ವಾ?" ಎಂದು ಕೇಳಿ, ಉತ್ತರ ಬರುವತನಕ ಕಾಯಿರಿ.